ಹೃದಯಶೂಲೆಯ ಚಿಕಿತ್ಸೆ: ಶಮನವೂ ಪ್ರಮಾಣವೂ

ಏರುದಾರಿಯಲ್ಲಿ ನಡೆಯುವಾಗ, ಅದರಲ್ಲಿಯೂ ಊಟವಾದೊಡನೆ, ಎದೆಯನ್ನು ಹಿಂಡಿ, ನಿಂತ ಕೂಡಲೆ ಅಡಗುವ ನೋವೊಂದುಂಟು. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಅದನ್ನು ವರ್ಣಿಸಿ 'ಆಂಜೈನಾ ಪೆಕ್ಟೋರಿಸ್' ಎಂದು ಹೆಸರಿಟ್ಟನು. ಆ ಉಪನ್ಯಾಸವು 1772ರಲ್ಲಿ ಅಚ್ಚಾಯಿತು. ಇದನ್ನೇ ನಾವಿಲ್ಲಿ ಹೃದಯಶೂಲೆಯೆಂದು ಕರೆದಿದ್ದೇವೆ. ಅದರ ಚಿಕಿತ್ಸೆಯ ಚರಿತ್ರೆಯನ್ನು ಪರಿಶೀಲಿಸಿದರೆ, ನೋವಿನ ಶಮನವೂ ರೋಗದ ಜ್ಞಾನವೂ ಯಾವಾಗಲೂ ಜೊತೆಜೊತೆಯಾಗಿ ನಡೆಯಲಿಲ್ಲವೆಂಬುದು ವಿದಿತವಾಗುತ್ತದೆ.

ಹೃದಯಕ್ಕೇ ರಕ್ತವನ್ನೊದಗಿಸುವ ಕಿರೀಟಧಮನಿಗಳ ವಿಕಾರವೇ ಈ ನೋವಿಗೆ ಕಾರಣವೆಂದು ಎಡ್ವರ್ಡ್ ಜೆನ್ನರನು ಊಹಿಸಿದ್ದನು. ಆದರೆ ಅವನ ಗುರು ಜಾನ್ ಹಂಟರನೇ ಈ ರೋಗದಿಂದ ಬಳಲುತ್ತಿದ್ದುದರಿಂದ, ಗುರುವಿನ ಮನಸ್ಸನ್ನು ನೋಯಿಸಲಾರದೆ ಮೌನವಾಗಿದ್ದನು. 1793ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದವಾದೊಡನೆ ಹಂಟರನು ಕುಸಿದು ಮೃತನಾದನು. ಶವಪರೀಕ್ಷೆಯಲ್ಲಿ ಅವನ ಕಿರೀಟಧಮನಿಗಳು ಗಡುಸಾಗಿದ್ದುದು ಕಂಡುಬಂದಿತು. ಜೆನ್ನರನ ಅಭಿಪ್ರಾಯವು ಕೇಲಬ್ ಪ್ಯಾರಿಯ 1799ರ ಗ್ರಂಥದ ಮೂಲಕ ಬೆಳಕಿಗೆ ಬಂದಿತು.

ಔಷಧವಾದರೋ ಬೇರೆ ದಾರಿಯಿಂದ ಬಂದಿತು. ರಕ್ತ ತೆಗೆದಾಗ ನೋವು ಇಳಿಯುವುದನ್ನು ಕಂಡ ಲಾಡರ್ ಬ್ರಂಟನ್, ರಕ್ತದ ಒತ್ತಡವನ್ನು ತಗ್ಗಿಸುವ ಅಮೈಲ್ ನೈಟ್ರೈಟನ್ನು ರೋಗಿಗಳಿಗೆ ಮೂಸಲು ಕೊಟ್ಟು, ಅದರ ಫಲವನ್ನು 1867ರಲ್ಲಿ ಪ್ರಕಟಿಸಿದನು. 1879ರಲ್ಲಿ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನ್ನಿನ ಉಪಯೋಗವನ್ನು ತಿಳಿಸಿದನು. ನಾಲಗೆಯಡಿಯಲ್ಲಿಡುವ ಆ ಮದ್ದು ಇಂದಿಗೂ ಬಳಕೆಯಲ್ಲಿದೆ. ಇದಕ್ಕೆ ಪ್ರತಿಯಾಗಿ, ಹೃದಯದ ಪ್ರಾಣವಾಯುವಿನ ಬೇಡಿಕೆಯನ್ನೇ ತಗ್ಗಿಸಬೇಕೆಂಬ ತರ್ಕದಿಂದ ಹೊರಟ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲನ್ನು ರೂಪಿಸಿದನು. ಇಲ್ಲಿ ಜ್ಞಾನವು ಮುಂದೆ ನಡೆದು ಔಷಧವು ಅದನ್ನು ಹಿಂಬಾಲಿಸಿತು.

ಶಮನವೊಂದನ್ನೇ ನಂಬಿದರೆ ಆಗುವ ಪ್ರಮಾದಕ್ಕೂ ನಿದರ್ಶನವುಂಟು. ಎದೆಯೊಳಗಿನ ಧಮನಿಯೊಂದನ್ನು ಕಟ್ಟಿದರೆ ಹೃದಯಕ್ಕೆ ಹೆಚ್ಚು ರಕ್ತ ಹರಿಯುವುದೆಂದು 1950ರ ದಶಕದಲ್ಲಿ ಅನೇಕರಿಗೆ ಶಸ್ತ್ರಕ್ರಿಯೆ ನಡೆಯಿತು. ಬಹುಮಂದಿ ಗುಣ ಕಂಡೆವೆಂದರು. ಅಮೆರಿಕದ ಸಿಯಾಟಲ್ಲಿನ ವೈದ್ಯರು 17 ರೋಗಿಗಳಲ್ಲಿ ಕೆಲವರಿಗೆ ಧಮನಿಯನ್ನು ಕಟ್ಟಿ, ಉಳಿದವರಿಗೆ ಚರ್ಮವನ್ನು ಮಾತ್ರ ಸೀಳಿ ಹೊಲಿದರು. ಯಾರಿಗೆ ಯಾವುದಾಯಿತೆಂದು ರೋಗಿಗಳಿಗೆ ತಿಳಿದಿರಲಿಲ್ಲ. ಎರಡು ಗುಂಪಿಗೂ ಸರಿಸುಮಾರು ಸಮಾನವಾದ ಉಪಶಮನ ದೊರೆಯಿತೆಂದು 1959ರಲ್ಲಿ ಪ್ರಕಟವಾದ ಮೇಲೆ ಆ ಶಸ್ತ್ರಕ್ರಿಯೆಯು ಕೈಬಿಟ್ಟುಹೋಯಿತು.

ಆಂಡ್ರಿಯಾಸ್ ಗ್ರುಂಟ್‌ಜಿಗ್ 1977ರಲ್ಲಿ ಜ್ಯೂರಿಕ್ಕಿನಲ್ಲಿ ಕಿರೀಟಧಮನಿಯನ್ನು ಬಲೂನಿನಿಂದ ಹಿಗ್ಗಿಸಿದ ಬಳಿಕವೂ ಇದೇ ಪ್ರಶ್ನೆ ಎದ್ದಿತು. ಸ್ಥಿರರೋಗವುಳ್ಳ 2287 ಮಂದಿಯ ಪರೀಕ್ಷೆಯೊಂದು 2007ರಲ್ಲಿ ಉತ್ತರವಿತ್ತಿತು: ಸಮರ್ಪಕವಾದ ಔಷಧದೊಡನೆ ಧಮನಿಯನ್ನೂ ಹಿಗ್ಗಿಸಿದುದರಿಂದ ಮರಣವಾಗಲಿ ಹೃದಯಾಘಾತವಾಗಲಿ ಕಡಮೆಯಾಗಲಿಲ್ಲ. ಪದೇ ಪದೇ ನೋವುಣ್ಣುವವರಿಗೆ ಅದರಿಂದ ಉಪಶಮನವುಂಟೆಂಬುದು 2020ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಿಂದ ದೃಢಪಟ್ಟಿತು. ಎಡದ ಮುಖ್ಯಧಮನಿಯೇ ಕಿರಿದಾದವರಿಗೆ ಈ ತೀರ್ಮಾನಗಳು ಅನ್ವಯಿಸವು.

ಆದುದರಿಂದ ನೋವನ್ನು ಕಳೆಯುವುದೂ ಆಯುಸ್ಸನ್ನು ಬೆಳೆಸುವುದೂ ಬೇರೆ ಬೇರೆ ಫಲಗಳು. ಎರಡೂ ಆದರಣೀಯವೇ, ಆದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವೆವೆನ್ನುವುದು ರೋಗಿಗೆ ಮಾಡುವ ಅನ್ಯಾಯವೆಂದು ನಾವು ಭಾವಿಸುತ್ತೇವೆ.