ಸದಲಗಾ – ಮಲಿಕವಾಡ – ದತ್ತವಾಡ: ಒಂದು ಕಾಲುಹಾದಿಯ ಇತಿಹಾಸ

ಇವತ್ತ ಬೆಳಿ ಬಗ್ಗೆ ಅಲ್ಲ, ಹಾದಿ ಬಗ್ಗೆ ಬರಿಯಾಕತ್ತೇನಿ. ಸ್ವಲ್ಪ ಉದ್ದ ಆಗೇತಿ, ನೀರ ಬಿಟ್ಟು ಕುಂತಾಗ ಓದ್ರಿ.

ಹೊಳಿಗೆ ಮಹಾಪೂರ ಬಂದಾಗ ಟಿವಿಯವರು, ಪೇಪರಿನವರು ಒಂದು ಪಟ್ಟಿ ಕೊಡತಾರ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಭೋಜವಾಡಿ-ಕುನ್ನೂರ, ಸಿದ್ನಾಳ-ಅಕ್ಕೋಳ, ಜತ್ರಾಟ-ಭೀವಶಿ, ಈ ಸೇತುವೆಗಳು ಮುಳುಗಡೆ ಅಂತ. 2019ರ ಆಗಸ್ಟ್ ತಿಂಗಳಾಗ, 2021ರ ಜುಲೈ ತಿಂಗಳಾಗ ಎಲ್ಲಾರೂ ಕೇಳೇವಿ. ಆ ಪಟ್ಟಿ ಒಮ್ಮೆ ನಿಧಾನಕ್ಕ ಓದ್ರಿ. ಅದರಾಗ ಯಾವ ಸೇತುವೆಗೂ ಒಂದ ಹೆಸರಿಲ್ಲ. ಈ ದಂಡಿದ್ದು ಒಂದು ಊರು, ಆ ದಂಡಿದ್ದು ಒಂದು ಊರು. ಸೇತುವೆ ಕಟ್ಟಿದವರು ಹೆಸರು ಹುಡುಕಿಲ್ಲ. ಯಾವ ಊರಾಗಿಂದ ಯಾವ ಊರಿಗೆ ಜನ ಹೋಗತಿದ್ರೋ ಅದ ಹೆಸರು ನಿಂತೇತಿ. ನನ್ನ ಲೆಕ್ಕದಾಗ ಅದು ಸೇತುವೆಗಳ ಪಟ್ಟಿ ಅಲ್ಲ, ಹಳೇ ಕಾಲುಹಾದಿಗಳ ಪಟ್ಟಿ.

ನಮ್ಮ ಸದಲಗಾದವರಿಗೆ ಅದರಾಗಿನ ಹತ್ತಿರದ್ದು ಮಲಿಕವಾಡ-ದತ್ತವಾಡ. ಊರು ಬಿಟ್ಟು ಹೊಲದ ಬದು ಹಿಡಿದು ಮಲಿಕವಾಡ, ಅಲ್ಲಿಂದ ದೂಧಗಂಗಾ ದಾಟಿದ್ರ ದತ್ತವಾಡ. ಮುಂಜಾನೆ ಹೊಂಟವರು ಬಿಸಲೇರೂದ್ರೊಳಗ ಮುಟ್ಟತಾರ. ಇಷ್ಟ ಸಣ್ಣ ಹಾದಿ, ಆದರ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕ ಹೋಗತೈತಿ.

ಈ ಗಡಿ ಬಹಳ ಹಳೇದಲ್ಲ. ಬ್ರಿಟಿಷರ ಕಾಲಕ್ಕ ಚಿಕ್ಕೋಡಿ ತಾಲೂಕು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲಾದಾಗ ಇತ್ತು. ಹೊಳಿ ಆಚೆ ಕೊಲ್ಹಾಪುರ ಸಂಸ್ಥಾನದ ಸೀಮಿ. 1949ರ ಮಾರ್ಚ್ 1ಕ್ಕ ಕೊಲ್ಹಾಪುರ ಮುಂಬಯಿ ಪ್ರಾಂತಕ್ಕ ಸೇರಿತು. ಏಳು ವರ್ಷ ಎರಡೂ ದಂಡಿ ಒಂದ ರಾಜ್ಯ ಆಗಿದ್ದವು. 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಬಂದ್ವಿ, ಶಿರೋಳ ತಾಲೂಕು ಅಲ್ಲೇ ಉಳೀತು. 1960ರ ಮೇ 1ಕ್ಕ ಅದು ಮಹಾರಾಷ್ಟ್ರ ಆತು. ಸರಕಾರ ಬದಲಾದ್ವು, ನಡಿಯೋ ಮಂದಿ ಬದಲಾಗಲಿಲ್ಲ. ಹೆಣ್ಣು ಕೊಡೂದು ತರೂದು, ಸಂತಿ, ದನ ಕೊಳ್ಳೂದು ಎಲ್ಲಾ ಈ ಹಾದಿ ಮ್ಯಾಲ. ದತ್ತವಾಡ ದಾಟಿ ಮುಂದ ಹೋದ್ರ ನರಸೋಬಾ ವಾಡಿ, ಇನ್ನೊಂದು ಕಡೆ ಕೃಷ್ಣಾ ದಂಡಿಗೆ ಖಿದ್ರಾಪುರದ ಕೋಪೇಶ್ವರ ಗುಡಿ. ಆ ಗುಡಿಯೊಳಗ ಕನ್ನಡ ಶಾಸನ ಅದಾವು. ಇಂದು ಮಹಾರಾಷ್ಟ್ರದಾಗಿರೋ ಗುಡಿಯ ಕಲ್ಲಿನ ಮ್ಯಾಲ ಕನ್ನಡ ಯಾಕ ಅಂತ ಕೇಳೋವರು ಈ ಕಡೆಯಿಂದ ಒಮ್ಮೆ ನಡಕೊಂಡು ಹೋಗಿ ನೋಡಬೇಕು, ಉತ್ತರ ಕಾಲಿಗೆ ತಿಳೀತೈತಿ.

ಹಾದಿಯೊಳಗ ಕಷ್ಟದ್ದು ಹೊಳಿ. ಬ್ಯಾಸಗಿಯಾಗ ನೀರು ಮೊಣಕಾಲು ಮಟ್ಟ ಇದ್ದಲ್ಲಿ ಧೋತರ ಮ್ಯಾಲ ಕಟ್ಟಿ ಹಾಯತಿದ್ರು. ಮಳಿಗಾಲದಾಗ ನಾವಿ. ಅದೂ ಇಲ್ಲಂದ್ರ ಬೆಲ್ಲ ಕಾಸೋ ಕೊಪ್ಪರಿಗಿ ನೀರಿಗೆ ಬಿಟ್ಟು ಅದರಾಗ ಕುಂತು ದಾಟತಿದ್ರು ಅಂತ ಹಿರೇರು ಹೇಳತಿದ್ರು. ಮ್ಯಾಲಿನ ಭೋಜ ಊರಿನ ಆಚಾರ್ಯ ಶಾಂತಿಸಾಗರ ಮಹಾರಾಜರ ಕತಿ ಈ ಭಾಗದಾಗ ಬಹಳ ಮಂದಿಗೆ ಗೊತ್ತೈತಿ. 1872ರಾಗ ಹುಟ್ಟಿದವರು, ಸಂಸಾರದಾಗಿದ್ದಾಗ ಹೆಸರು ಸಾತಗೌಡ. ಮುನಿಗಳು ಬಂದ್ರ ಹೆಗಲ ಮ್ಯಾಲ ಕುಂಡರಿಸಿಕೊಂಡು ವೇದಗಂಗಾ-ದೂಧಗಂಗಾ ಸಂಗಮ ದಾಟಸತಿದ್ರು ಅಂತ ಅವರ ಚರಿತ್ರೆ ಹೇಳೋವರು ಹೇಳತಾರ. ಭಕ್ತಿ ಮಾತು ಒಂದು ಕಡೆ ಇರಲಿ, ಆಗಿನ ಕಾಲಕ್ಕ ಹೊಳಿ ದಾಟೂದು ಹೆಂಗಿತ್ತು ಅನ್ನೂದು ಅದರಾಗ ಕಾಣತೈತಿ.

ನಮ್ಮ ಸದಲಗಾಕ್ಕ ದೇಶದಾಗ ಹೆಸರು ತಂದವರೂ ನಡದ ತಂದವರು. ಆಚಾರ್ಯ ವಿದ್ಯಾಸಾಗರ ಮಹಾರಾಜರು 1946ರ ಅಕ್ಟೋಬರ್ 10ಕ್ಕ ಇಲ್ಲಿ ಹುಟ್ಟಿದ್ರು, 1968ರ ಜೂನ್ 30ಕ್ಕ ಅಜಮೇರದಾಗ ದೀಕ್ಷಾ ತಗೊಂಡ್ರು. 2024ರ ಫೆಬ್ರುವರಿ 18ಕ್ಕ ಛತ್ತೀಸಗಡದ ಡೊಂಗರಗಡದಾಗ ದೇಹ ಬಿಡೂತನಕ ಗಾಡಿ ಏರದ, ಬರಿಗಾಲಿಲೆ ನಡದ್ರು. ಆ ನಡಿಗಿ ವ್ರತದ್ದು, ನಮ್ಮ ಅಜ್ಜಂದಿರ ನಡಿಗಿ ಹೊಟ್ಟಿ ಪಾಡಿಂದು. ಎರಡಕ್ಕೂ ಬೇಕಾದದ್ದು ಮಾತ್ರ ಒಂದ: ಮಂದಿ ಬಿಟ್ಟಿರೋ ಹಾದಿ.

ಈಗ ಮುಖ್ಯ ಮಾತಿಗೆ ಬರತೇನಿ. ಈ ಕಾಲುಹಾದಿ ಇಷ್ಟು ವರ್ಷ ಉಳಿದಿದ್ದು ಹೆಂಗ? ಕಾಗದದ ಜೋರಿನ ಮ್ಯಾಲ ಅಲ್ಲ. ಜ್ವಾಳ, ಕಡ್ಲಿ, ತಂಬಾಕದ ಮ್ಯಾಲ ಉಳಿದಿತ್ತು. ಸುಗ್ಗಿ ಮುಗೀತು ಅಂದ್ರ ಮುಂದಿನ ಮಳಿ ತನಕ ಹೊಲ ಬಯಲು. ಬಯಲಿನಾಗ ಯಾರೂ ಯಾರಿಗೂ ತಡಿಯೋದಿಲ್ಲ. ಮಂದಿ ನೆಟ್ಟಗ ನಡೀತಿದ್ರು, ಎರಡು ತಿಂಗಳಾಗ ಬಿಳೇ ಗೆರಿ ಬೀಳತಿತ್ತು. ಮಳಿ ಬಿದ್ದ ಮ್ಯಾಲ ರೈತ ಅದನ್ನ ಹರಗಿ ಬಿತ್ತತಿದ್ದ, ಮಂದಿ ಬದುವಿನ ಮ್ಯಾಲ ಹೋಗತಿದ್ರು. ಸುಗ್ಗಿ ಆದ ಮ್ಯಾಲ ಗೆರಿ ಮತ್ತ ಬೀಳತಿತ್ತು. ವರ್ಷಾ ಅಳಿಸಿ ವರ್ಷಾ ಬರಿಯೋ ಹಾದಿ ಅದು. ಜಗಳಕ್ಕ ಕಾರಣ ಇರಲಿಲ್ಲ.

ಆಮ್ಯಾಲ ಬಾಂದಾರ ಬಂದ್ವು. ಕೊಲ್ಹಾಪುರ ಪದ್ಧತಿ ಬಾಂದಾರ ಅಂದ್ರ ನಿಮಗ ಗೊತ್ತ ಐತಿ. ಕಲ್ಲಿನ ಕಂಬ, ನಡುವ ಫಳಿ. ಮಳಿಗಾಲ ಮುಗಿದ ಮ್ಯಾಲ ಫಳಿ ಹಾಕಿ ನೀರು ನಿಲ್ಲಸೂದು, ಮಳಿಗಾಲಕ್ಕ ಮೊದಲ ತಗಿಯೂದು. ಮ್ಯಾಲ ನಡಿಯಾಕ, ಗಾಡಿ ಹೋಗಾಕ ದಾರಿ. ದೂಧಗಂಗಾ ಮ್ಯಾಲಿನ ಕಾಳಮ್ಮವಾಡಿ ಧರಣ ಆದ ಮ್ಯಾಲ ಬ್ಯಾಸಗಿಯಾಗೂ ನೀರು ಬಂತು. ಹೊಳಿ ದಂಡಿಗೆ ಮೋಟರ್ ಕುಂತ್ವು, ಪೈಪು ಬಂದ್ವು, ಜ್ವಾಳ ಹೋಗಿ ಕಬ್ಬು ಬಂತು. ಇದರಾಗ ಒಂದು ಚಮತ್ಕಾರ ನೋಡ್ರಿ. ಹೊಳಿ ದಾಟಾಕ ಅನುಕೂಲ ಮಾಡಿದ್ದು ಬಾಂದಾರ, ಕಬ್ಬಿಗೆ ನೀರು ಕೊಟ್ಟಿದ್ದೂ ಅದ ಬಾಂದಾರ. ಆ ಕಬ್ಬು ಬಾಂದಾರಿನ ತನಕ ಹೋಗೋ ಕಾಲುಹಾದಿ ನುಂಗಿತು.

ಕಬ್ಬು ಹನ್ನೆರಡರಿಂದ ಹದಿನೆಂಟು ತಿಂಗಳು ನೆಲ ಬಿಡೂದಿಲ್ಲ. ಕಡಿದ ಮ್ಯಾಲ ಕುಳಿ ಮತ್ತ ಒಡೀತೈತಿ. ಬಯಲು ಅನ್ನೂದ ಇಲ್ಲ. ಗೆರಿ ಮತ್ತ ಬೀಳಾಕ ಜಾಗ ಸಿಗಲಿಲ್ಲ. ಮೊದಲ ಬದು ಸಣ್ಣ ಆತು, ಆಮ್ಯಾಲ ಬದು ಒಂದು ಸಾಲು ಕಬ್ಬಾತು.

ಅಲ್ಲಿಂದ ಹಾದಿ ಹೊಲದಾಗಿಂದ ಎದ್ದು ಕಾಗದಕ್ಕ ಹೋತು. ಮುಂಬಯಿ ಪ್ರಾಂತದ ಮೋಜಣಿಯವರು 33 ಫೂಟಿನ ಸರಪಳಿಲೆ ಹೊಲ ಅಳದಿದ್ರು. ಸರಪಳಿಗೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರ ಒಂದು ಗುಂಟೆ, 1,089 ಚದರ ಫೂಟು. ನಲವತ್ತು ಗುಂಟೆ ಒಂದು ಎಕರೆ. ಅವರ ಊರ ನಕಾಶೆಯೊಳಗ ಒಂಟಿ ಚುಕ್ಕಿಗೆರಿ ಅಂದ್ರ ಕಾಲುಹಾದಿ, ಜೋಡಿ ಚುಕ್ಕಿಗೆರಿ ಅಂದ್ರ ಬಂಡಿಹಾದಿ. ಚುಕ್ಕಿಗೆರಿ ನಿಮ್ಮ ಸರ್ವೆ ನಂಬರಿನಾಗ ಹಾದು ಹೋದ್ರ ನೆಲ ನಿಮ್ಮ ಉತಾರದಾಗ ಇರತೈತಿ, ನಡಿಯೋ ಹಕ್ಕು ಮಂದಿದು. ರಸ್ತೆ ಅಂತ ಬ್ಯಾರೆ ತಗದು ಇಟ್ಟಿದ್ರ ಅದು ಬ ಖರಾಬ, ಅದರ ಮ್ಯಾಲ ಯಾರೂ ಕಬ್ಬು ಹಚ್ಚಂಗಿಲ್ಲ.

ನಕಾಶೆದಾಗ ಇಲ್ಲದ ಹಾದಿಗೂ ಆಧಾರ ಐತಿ. 1882ರ ಈಸ್‌ಮೆಂಟ್ ಕಾಯ್ದೆ 1891ರಾಗ ಮುಂಬಯಿ ಪ್ರಾಂತಕ್ಕ ಬಂತು. ಇಪ್ಪತ್ತು ವರ್ಷ ಎಲ್ಲಾರಿಗೂ ಕಾಣೂಹಂಗ, ತಡಿ ಇಲ್ಲದ, ಹಕ್ಕಿಲೆ ನಡದಿದ್ರ ಆ ಹಾದಿ ಹಕ್ಕಾಗತೈತಿ. ಮಾಲಕರ ಪರವಾನಗಿ ಕೇಳಿ ನಡದದ್ದು ಲೆಕ್ಕಕ್ಕ ಬರೂದಿಲ್ಲ. ಹಾದಿ ಸಲುವಾಗಿ ಹೊಡದಾಟ ಆಗೂಹಂಗ ಇದ್ರ ನಮ್ಮ ಕಡೆ ತಹಶೀಲ್ದಾರರು ದಂಡಾಧಿಕಾರಿ ಆಗಿ ವಿಚಾರಿಸಬಹುದು. ಮೊದಲ ಅದು ಸಿಆರ್‌ಪಿಸಿ 147ನೇ ಕಲಮು, ಈಗ ಹೊಸಾ ಸಂಹಿತೆದಾಗ 166ನೇ ಕಲಮು. ಒಂದು ಮಾತು ನೆನಪಿರಲಿ: ವರ್ಷಪೂರ್ತಿ ನಡಿಯೋ ಹಾದಿ ಆದ್ರ ತಕರಾರು ಮುಟ್ಟೂದಕ್ಕಿಂತ ಮೊದಲಿನ ಮೂರು ತಿಂಗಳೊಳಗ ಆ ಹಾದಿ ಬಳಸಿರಬೇಕು. ಮುಚ್ಚಿದ ಮ್ಯಾಲ ಮುಂದಿನ ಸುಗ್ಗಿಗೆ ನೋಡೂಣು ಅಂತ ಕುಂತ್ರ ಹೋತು. ಹೊಳಿ ಆಚೆ ದತ್ತವಾಡದವರಿಗೆ ಬ್ಯಾರೆ ಕಾಯ್ದೆ: 1906ರ ಮಾಮಲೇದಾರ ಕೋರ್ಟ್ ಕಾಯ್ದೆ, 1966ರ ಮಹಾರಾಷ್ಟ್ರ ಭೂ ಕಂದಾಯ ಸಂಹಿತೆಯ 143ನೇ ಕಲಮು. ಹಾದಿ ಒಂದ, ಕಾಯ್ದೆ ಎರಡು ತರ.

ಕಾಲಿಲೆ ನಡಿಯೋರು ಈಗ ಯಾರದಾರ, ಎಲ್ಲಾರ ಕಡೆ ಮೋಟರ್ ಸೈಕಲ್ ಐತಿ ಅಂತ ಕೆಲವರು ಅಂತಾರ. ಖರೆ. ಆದರ ಕಾಲುಹಾದಿ ಮುಚ್ಚಿದವನಿಗೇ ಈಗ ಅದರ ಕೆಲಸ ಬಿದ್ದೈತಿ. ಒಳಗಿನ ಹೊಲದ ಕಬ್ಬು ಹೊರಗ ಬರಬೇಕಂದ್ರ ಟ್ರ್ಯಾಕ್ಟರ್ ಹೋಗಬೇಕು. ಗ್ಯಾಂಗ್ ಬಂದು ನಿಂತಿರತೈತಿ, ಮುಂದಿನ ಹೊಲದವರದು ಕಡಿಯೂತನಕ ಒಳಗಿನವರದು ಒಣಗತೈತಿ. ತೂಕ ಹೋಗೂದು ನಮ್ಮದು, ಕಾರ್ಖಾನಿದಲ್ಲ. ಹೆಣ ಒಯ್ಯಾಕ, ಬಾಣಂತಿ ಕರಕೊಂಡು ಹೋಗಾಕ ಕಬ್ಬಿನ ಸಾಲಿನಾಗ ದಾರಿ ಕೇಳೋ ತೋಟಪಟ್ಟಿ ಮನಿಗಳು ನಮ್ಮ ಸುತ್ತಲೂ ಅದಾವು.

ಲೆಕ್ಕ ಹಾಕ್ರಿ. ಹತ್ತು ಸರಪಳಿ ಅಂದ್ರ 330 ಫೂಟು ಉದ್ದದ ಬದು. ಮೂರು ಫೂಟು ಕಾಲುಹಾದಿ ಬಿಟ್ರ 990 ಚದರ ಫೂಟು, ಒಂದು ಗುಂಟೆಕ್ಕಿಂತ ಕಡಿಮಿ. ಹತ್ತು ಫೂಟು ಟ್ರ್ಯಾಕ್ಟರ್ ಹಾದಿ ಬಿಟ್ರ ಮೂರು ಗುಂಟೆ. ಎಕರೆಗೆ 40 ಟನ್ ಅಂತ ಹಿಡದ್ರ ಗುಂಟೆಗೆ ಒಂದು ಟನ್. ಎರಡೂ ಕಡಿಯವರು ಅರ್ಧ ಅರ್ಧ ಬಿಟ್ರ ಒಬ್ಬೊಬ್ಬರಿಗೆ ಒಂದೂವರೆ ಟನ್ ಕಬ್ಬು. ವಕೀಲರ ಒಂದೆರಡು ಪಾಳಿ ಖರ್ಚಿನ ಮುಂದ ಇದು ಎಷ್ಟು?

ಊರ ನಕಾಶೆ ಭೂಮಾಪನ ಇಲಾಖೆಯ ವೆಬ್‌ಸೈಟಿನಾಗ ಸಿಗತೈತಿ, ಮಕ್ಕಳಿಗೆ ಹೇಳಿ ತಗಸ್ರಿ. ನಿಮ್ಮ ಸರ್ವೆ ನಂಬರಿನಾಗ ಚುಕ್ಕಿಗೆರಿ ಐತೇನ ನೋಡ್ರಿ. ಕುಳಿ ತಗದು ಹೊಸಾ ನಾಟಿ ಮಾಡೂ ವರ್ಷ ಒಂದ ಸರ್ತಿ ನೆಲ ಬಯಲಾಗತೈತಿ. ಆ ಹೊತ್ತಿಗೆ ಆಜೂಬಾಜು ಹೊಲದವರು ಕೂಡಿ ದಾರ ಹಿಡದು, ಕಲ್ಲು ಹಾಕಿ, ಆಮ್ಯಾಲ ಸಾಲು ಬಿಡ್ರಿ. ನಾಟಿ ಆದ ಮ್ಯಾಲ ಹಾದಿ ಕೇಳಿದ್ರ ಅದು ಜಗಳ, ನಾಟಿಗಿಂತ ಮೊದಲ ಕೇಳಿದ್ರ ಅದು ಮಾತು.