ಲಾರಿಯಲ್ಲಿ ಬೆಕ್ಕು ಸಾಕಬಹುದೇ? ಮುದ್ದಾದ ವಿಡಿಯೋಗಳು ಹೇಳದ ಸಂಗತಿಗಳು

ಅಮೆರಿಕದ ದೊಡ್ಡ ಟ್ರಕ್ ಒಂದರ ಡ್ಯಾಶ್‌ಬೋರ್ಡ್ ಮೇಲೆ ಬೆಕ್ಕು ಕಾಲು ಚಾಚಿ ಮಲಗಿದೆ, ಡ್ರೈವರ್ ನಗುತ್ತಾ ಗಾಡಿ ಓಡಿಸುತ್ತಿದ್ದಾನೆ. ಇಂಥ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ನೋಡಿದವರಲ್ಲಿ ಕೆಲವರು "ನಮ್ಮ ಡ್ರೈವರ್‌ಗಳೂ ಹೀಗೆ ಸಾಕಬಹುದಲ್ಲ" ಎನ್ನುತ್ತಾರೆ. ಇನ್ನು ಕೆಲವರು "ಬೆಕ್ಕು ಮನೆಗೆ ಅಂಟಿಕೊಳ್ಳುವ ಪ್ರಾಣಿ, ಮನುಷ್ಯರಿಗಲ್ಲ. ಇದು ಹಿಂಸೆ" ಎನ್ನುತ್ತಾರೆ. ಎರಡೂ ಮಾತಿನಲ್ಲಿ ಅರ್ಧರ್ಧ ಸತ್ಯವಿದೆ.

ಬೆಕ್ಕಿಗೆ ಮನುಷ್ಯರ ಹಂಗಿಲ್ಲವೇ?

ಇದೆ. 2019ರಲ್ಲಿ ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಕ್ಕುಗಳನ್ನು ಸಾಕಿದವರಿಂದ ಎರಡು ನಿಮಿಷ ದೂರವಿಟ್ಟು, ಮತ್ತೆ ಸೇರಿಸಿ, ವರ್ತನೆ ಗಮನಿಸಿದರು. ಸುಮಾರು ಶೇ. 65ರಷ್ಟು ಬೆಕ್ಕುಗಳು ಸಾಕಿದವರನ್ನು ಕಂಡೊಡನೆ ನಿರಾಳವಾದವು. ಮನುಷ್ಯರ ಮಕ್ಕಳಲ್ಲೂ ಈ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ.

ಆದರೆ ಬೆಕ್ಕಿಗೆ ತನ್ನದೆನ್ನುವ ಜಾಗವೂ ಬೇಕು, ಅದೂ ಸುಳ್ಳಲ್ಲ. ಲಾರಿ ಜೀವನ ಕೆಲವು ಬೆಕ್ಕುಗಳಿಗೆ ಒಗ್ಗುವುದೂ ಇದೇ ಕಾರಣಕ್ಕೆ. ಊರು ಬದಲಾಗುತ್ತದೆ, ಕ್ಯಾಬಿನ್ ಬದಲಾಗುವುದಿಲ್ಲ. ಅದೇ ಹಾಸಿಗೆ, ಅದೇ ವಾಸನೆ, ಅದೇ ಮನುಷ್ಯ. ಜೊತೆಗೆ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುವ ಪ್ರಾಣಿ ಅದು. ಅಮೆರಿಕದ ನಿಯಮದಂತೆ ಸರಕು ಲಾರಿಯ ಚಾಲಕ ಸತತ 10 ಗಂಟೆ ವಿಶ್ರಾಂತಿ ಪಡೆದ ಮೇಲೆ, ಮುಂದಿನ 14 ಗಂಟೆಯೊಳಗೆ ಹೆಚ್ಚೆಂದರೆ 11 ಗಂಟೆ ಗಾಡಿ ಓಡಿಸಬಹುದು. ಗಾಡಿ ಓಡುವಾಗ ಬೆಕ್ಕಿನ ನಿದ್ದೆ, ನಿಂತಾಗ ಊಟ ಮತ್ತು ಆಟ. ಸೀಟಿನ ಹಿಂದೆ ಮಂಚವಿರುವ ದೊಡ್ಡ ಕ್ಯಾಬಿನ್‌ನಲ್ಲಿ ಮಲಮೂತ್ರಕ್ಕೆ ಮರಳಿನ ತಟ್ಟೆ ಇಡಲೂ ಜಾಗವಿದೆ.

ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬೇಡ

ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿ.ಮೀ. ವೇಗದ ಲಾರಿ ಎಲ್ಲಾದರೂ ಗುದ್ದಿ ನಿಂತರೆ, ಒಳಗಿನ ಬೆಕ್ಕು ಅದೇ 80ರ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸುಮಾರು 25 ಮೀಟರ್ ಎತ್ತರದಿಂದ, ಅಂದರೆ ಎಂಟು ಅಂತಸ್ತಿನ ಕಟ್ಟಡದಿಂದ ಬಿದ್ದಾಗ ನೆಲ ಮುಟ್ಟುವ ವೇಗ ಅದು. ಅಪಘಾತವೇ ಬೇಕಿಲ್ಲ, ಹೆದರಿದ ಬೆಕ್ಕು ಬ್ರೇಕ್ ಪೆಡಲ್ ಕೆಳಗೆ ನುಸುಳಿದರೂ ಸಾಕು. ಗಾಡಿ ಓಡುವಾಗ ಬೆಕ್ಕು ಪಂಜರದಂಥ ಪೆಟ್ಟಿಗೆಯಲ್ಲಿರಬೇಕು, ಪೆಟ್ಟಿಗೆಯನ್ನು ಬೆಲ್ಟ್‌ನಿಂದ ಬಿಗಿದಿರಬೇಕು. ವಿಡಿಯೋಗೆ ಅದು ಚೆನ್ನಾಗಿ ಕಾಣುವುದಿಲ್ಲ, ನಿಜ.

"ಐದು ನಿಮಿಷ ಅಷ್ಟೇ, ಗಾಜು ಸ್ವಲ್ಪ ಇಳಿಸಿದ್ದೀನಿ"

ನಮ್ಮ ಪ್ರಕಾರ ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು. 2005ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡವೊಂದು ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಬಿಸಿಯನ್ನು ಅಳೆದು ವರದಿ ಪ್ರಕಟಿಸಿತು. ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ, ಒಂದು ಗಂಟೆಯೊಳಗೆ ಕಾರಿನ ಒಳಗೆ ಸರಾಸರಿ 22 ಡಿಗ್ರಿ ಏರಿತ್ತು. ಈ ಏರಿಕೆಯ ಶೇ. 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ಸ್ವಲ್ಪ ಇಳಿಸಿಟ್ಟಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಗಾಜಿನೊಳಗೆ ಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡ್‌ಗಳನ್ನು ಕಾಯಿಸುತ್ತದೆ, ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಒಂದೆರಡು ಇಂಚಿನ ಸಂದಿಯಿಂದ ಅಷ್ಟು ಬಿಸಿ ಹೊರಹೋಗುವುದಿಲ್ಲ. ಲಾರಿ ಕ್ಯಾಬಿನ್ ಕಾರಿಗಿಂತ ದೊಡ್ಡದಾದರೂ ಅದರ ಮುಂದಿನ ಗಾಜೂ ದೊಡ್ಡದೇ.

ಬೆಕ್ಕು ಬೆವರುವುದು ಮುಖ್ಯವಾಗಿ ಪಾದಗಳಲ್ಲಿ. ಮೈ ನೆಕ್ಕಿಕೊಂಡು ಒಂದಿಷ್ಟು ತಂಪಾಗುತ್ತದೆ. "ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದೆ, ತಂಪು ಮಾಡಿಕೊಳ್ಳುತ್ತಿದೆ ಬಿಡಿ" ಎಂದು ಸುಮ್ಮನಾಗಬೇಡಿ. ಬಿಸಿಲಲ್ಲಿ ಬೆಕ್ಕು ಹಾಗೆ ಉಸಿರಾಡುತ್ತಿದ್ದರೆ ಅದು ಕಷ್ಟದಲ್ಲಿದೆ ಎಂದೇ ಅರ್ಥ. ನೆರಳಿಗೆ ತಂದು, ಸಾಧಾರಣ ತಣ್ಣೀರಿನಿಂದ ಮೈ ಒದ್ದೆ ಮಾಡಿ, ಗಾಳಿ ಬೀಸುತ್ತಾ ವೈದ್ಯರ ಬಳಿ ಒಯ್ಯಬೇಕು. ಐಸ್ ನೀರು ಬೇಡ.

ಅಮೆರಿಕದ ಚಾಲಕರಿಗೆ ಇಲ್ಲೊಂದು ಇಕ್ಕಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ನಿಂತ ಡೀಸೆಲ್ ಲಾರಿಯ ಎಂಜಿನ್ನನ್ನು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಚಾಲೂ ಇಡುವಂತಿಲ್ಲ. ಹಾಗಾಗಿ ಅಲ್ಲಿ ಬೆಕ್ಕು ಸಾಕುವವರಿಗೆ, ಮುಖ್ಯ ಎಂಜಿನ್ ಆಫ್ ಆದ ಮೇಲೂ ಎಸಿ ನಡೆಸುವ ಸಣ್ಣ ಎಂಜಿನ್ ಅಥವಾ ಬ್ಯಾಟರಿ ವ್ಯವಸ್ಥೆ ಬೇಕೇ ಬೇಕು. ವಿಡಿಯೋದಲ್ಲಿ ಕಾಣದ ಖರ್ಚು ಅದು.

ಚಿಪ್ ಇದ್ದರೆ ಮೊಬೈಲ್‌ನಲ್ಲಿ ಹುಡುಕಬಹುದೇ?

ಆಗದು. ಬೆಕ್ಕಿನ ಚರ್ಮದಡಿ ಹಾಕುವ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್‌ನಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಇರುವುದು ಒಂದು ಸಂಖ್ಯೆ ಮಾತ್ರ. ಸ್ಕ್ಯಾನರ್ ಹತ್ತಿರ ಹಿಡಿದರೆ ಆ ಸಂಖ್ಯೆ ಕಾಣುತ್ತದೆ, ಅದರ ಜೊತೆ ನಿಮ್ಮ ಫೋನ್ ನಂಬರ್ ನೋಂದಣಿಯಾಗಿದ್ದರೆ ಕರೆ ಬರುತ್ತದೆ. ಹಾಗಂತ ಅದು ವ್ಯರ್ಥವಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಪ್ರಾಣಿ ಆಶ್ರಯಗಳಿಗೆ ಬಂದ ಚಿಪ್ ಇದ್ದ ಬೆಕ್ಕುಗಳಲ್ಲಿ ಶೇ. 38.5ರಷ್ಟು ಸಾಕಿದವರ ಕೈ ಸೇರಿದವು. ಒಟ್ಟಾರೆ ಬೀದಿ ಬೆಕ್ಕುಗಳಲ್ಲಿ ಈ ಪ್ರಮಾಣ ಬರೀ ಶೇ. 1.8. ಊರಿಂದೂರಿಗೆ ಹೋಗುವ ಲಾರಿಯ ಬಾಗಿಲಿನಿಂದ ಜಿಗಿದ ಬೆಕ್ಕಿಗೆ "ದಾರಿ ಹುಡುಕಿಕೊಂಡು ಮನೆಗೆ ಬಾ" ಎನ್ನಲು ಮನೆಯೇ ಅಲ್ಲಿರುವುದಿಲ್ಲವಲ್ಲ.

ನಮ್ಮ ಲಾರಿಗಳ ಮಾತೇನು?

ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸುವವರು ನಮ್ಮಲ್ಲಿದ್ದಾರೆ. ಬೆಕ್ಕು ಪಕ್ಕದಲ್ಲೇ ಕೂತಿದ್ದರೆ ಅಪಶಕುನವನ್ನು ಎಲ್ಲಿಂದ ಎಣಿಸುವುದೋ! ಅದಿರಲಿ, ಅಸಲಿ ತೊಡಕು ಬಿಸಿಯದ್ದು. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್‌ಗಿಂತ ಹೆಚ್ಚು ತೂಕದ ಸರಕು ವಾಹನಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ರಸ್ತೆಯಲ್ಲಿರುವ ಹಳೆಯ ಲಾರಿಗಳಿಗೆ ಇದು ಅನ್ವಯಿಸದು. ಎಸಿ ಇದ್ದರೂ ಎಂಜಿನ್ ಆಫ್ ಮಾಡಿದರೆ ಮುಗಿಯಿತು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಡ್ರೈವರ್, ಕ್ಲೀನರ್ ಇಬ್ಬರೂ ಇಕ್ಕಟ್ಟಾಗಿ ಮಲಗುವ ಅಂಥ ಕ್ಯಾಬಿನ್‌ನಲ್ಲಿ ಬೆಕ್ಕು ಬೇಡ ಎನ್ನುವುದೇ ನಮ್ಮ ಅಭಿಪ್ರಾಯ.

ಆದರೂ ಜೊತೆಗೊಯ್ಯುವವರು ರೇಬೀಸ್ ಲಸಿಕೆ ಹಾಕಿಸಲೇಬೇಕು. ಡಾಬಾದ ಗ್ರೇವಿ ಹಾಕಬಾರದು, ಈರುಳ್ಳಿ ಮತ್ತು ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ. ಮೈ ಬಿಸಿಯಿದೆ ಎಂದು ಡೋಲೋ, ಕ್ರೋಸಿನ್‌ನಂಥ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬಾರದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಅರ್ಧ ಮಾತ್ರೆಯೂ ಕೊಲ್ಲಬಹುದು. ಕ್ಯಾಬಿನ್ ಸುತ್ತ ಸೋರಿದ ಕೂಲಂಟ್ ಕೂಡ ಅಷ್ಟೇ ವಿಷ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ, ಚಿಕಿತ್ಸೆ ಮೂರು ಗಂಟೆಯೊಳಗೆ ಶುರುವಾಗಬೇಕು.

ಮನೆಯಲ್ಲೇ ಬಿಟ್ಟು ಹೋಗುವುದಾದರೆ ಒಂದು ವಾರದ ಅನ್ನ ಸುರಿದಿಟ್ಟು ಬಾಗಿಲು ಹಾಕಬೇಡಿ. ದಿನಕ್ಕೊಮ್ಮೆಯಾದರೂ ನೋಡುವವರು ಬೇಕು. ಅವರಿಗೆ ಒಂದು ವಿಷಯ ಹೇಳಿಡಿ: ಗಂಡು ಬೆಕ್ಕು ಮತ್ತೆ ಮತ್ತೆ ಕೂತು, ತಿಣುಕಿ, ಮೂತ್ರ ಬಾರದೆ ಎದ್ದುಹೋಗುತ್ತಿದ್ದರೆ ಅದು ಮಲಬದ್ಧತೆ ಎಂದುಕೊಳ್ಳಬಾರದು. ಮೂತ್ರನಾಳ ಕಟ್ಟಿದರೆ ಎರಡು ಮೂರು ದಿನದಲ್ಲಿ ಜೀವ ಹೋಗಬಹುದು. ನೀವು ಲೋಡ್ ಇಳಿಸಿ ಬರುವವರೆಗೆ ಕಾಯದೆ, ಅವರು ಅಂದೇ ಪಶುವೈದ್ಯರ ಬಳಿ ಒಯ್ಯಬೇಕು.