ಬಳ್ಳಿಗಾವಿಯ ಕಲ್ಲು, ಭದ್ರಾವತಿಯ ಚಿಮಣಿ

ಮಾಯಾ ಜನರ ಪಾಳುನಗರಗಳನ್ನು ನಾವು ಕಂಡದ್ದು ಮೊಬೈಲಿನಲ್ಲಿ ಮಾತ್ರ. ಗ್ವಾಟೆಮಾಲಾದ ಕಾಡಿನೊಳಗಿನ ಟಿಕಾಲ್ ನಗರದ ವಿಡಿಯೋ ನೋಡುತ್ತಾ ಕೂತಿದ್ದಾಗ ನಮ್ಮಲ್ಲೊಬ್ಬರು ಕೇಳಿದರು: "ನಮ್ಮ ಜಿಲ್ಲೆಯಲ್ಲೇ ಒಂದು ಹಳೇ ರಾಜಧಾನಿ ಇದೆಯಲ್ಲ, ಅದನ್ನು ನೋಡಿದ್ದೀರಾ?" ಯಾರೂ ನೋಡಿರಲಿಲ್ಲ. ಮುಂದಿನ ಭಾನುವಾರವೇ ಭದ್ರಾವತಿಯಿಂದ ಹೊರಟು, ಶಿವಮೊಗ್ಗದಲ್ಲಿ ಶಿರಾಳಕೊಪ್ಪದ ಬಸ್ಸು ಹಿಡಿದೆವು.

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ ಈಗ ಗದ್ದೆ, ಕೆರೆಗಳ ನಡುವಿನ ಒಂದು ಹಳ್ಳಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಅಲ್ಲಮಪ್ರಭು ಹುಟ್ಟಿದ ಊರೂ ಇದೇ ಎನ್ನುತ್ತಾರೆ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಉಳಿದಿವೆ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬವೂ ಇದೆ. ಅರಮನೆ ಎಲ್ಲಿತ್ತು, ಪೇಟೆ ಎಲ್ಲಿತ್ತು ಎಂದು ಹುಡುಕಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಊರಿನ ಕಥೆ ಹೇಳುವುದು ಶಾಸನಗಳು. ಇಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು; ಬಡವರಿಗೆ, ಕುರುಡರಿಗೆ, ಕುಂಟರಿಗೆ ಊಟ ಸಿಗುತ್ತಿತ್ತು; ರೋಗಿಗಳಿಗೆ ಔಷಧ ಕೊಡುತ್ತಿದ್ದರು. 1162ರ ಶಾಸನವೊಂದು ಇದನ್ನೆಲ್ಲ ಹೇಳುತ್ತದೆ. ಬಿ.ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು 1902ರಲ್ಲಿ ಅಚ್ಚು ಹಾಕಿಸದಿದ್ದರೆ ನಮಗಿದು ತಿಳಿಯುತ್ತಲೇ ಇರಲಿಲ್ಲ. ಕಲ್ಲಿನ ಮುಂದೆ ನಿಂತ ನಾವು ಕನ್ನಡದವರೇ ಆದರೂ ಆ ಹಳೆಯ ಲಿಪಿಯ ಒಂದು ಸಾಲೂ ಓದಲು ಬರಲಿಲ್ಲ.

ರಾಜರ, ಗುರುಗಳ ಹೆಸರು ಉಳಿಯುವುದು ದೊಡ್ಡದಲ್ಲ. ಬಳ್ಳಿಗಾವಿಯಿಂದ ಬೇಲೂರಿಗೆ ಕೆಲಸಕ್ಕೆ ಹೋದ ದಾಸೋಜ, ಅವನ ಮಗ ಚಾವಣ ಅಲ್ಲಿನ ಮದನಿಕೆಯರ ಬಳಿ ತಮ್ಮ ಹೆಸರನ್ನೇ ಕೆತ್ತಿದರು. ಒಂಬೈನೂರು ವರ್ಷ ಕಳೆದರೂ ಆ ಕೆಲಸಗಾರರ ಹೆಸರು ಅಳಿದಿಲ್ಲ.

ಸಂಜೆ ಭದ್ರಾವತಿಗೆ ಮರಳುವಾಗ ಇದೇ ಮಾತು ಕಾಡುತ್ತಿತ್ತು. ಬೆಂಕಿಪುರವೆಂಬ ಸಣ್ಣ ಊರನ್ನು ನಗರ ಮಾಡಿದ್ದು ಕಬ್ಬಿಣದ ಕಾರ್ಖಾನೆ ಮತ್ತು ಕಾಗದದ ಕಾರ್ಖಾನೆ. ಕಾಗದದ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆ ಮುಚ್ಚುವ ಮಾತು 2023ರಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಊರು ಹಾಳಾಗಲು ದಂಡೇ ಬರಬೇಕಿಲ್ಲ, ಕೆಲಸ ನಿಂತರೂ ಸಾಕು.

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕಾರ್ಖಾನೆಯ ಮೇಲೆಯೇ ಇದೆ. ಕುಲುಮೆಯ ಮುಂದೆ ಬೆವರಿದವರ, ರಾತ್ರಿ ಪಾಳಿಯಲ್ಲಿ ಕಾಗದ ಸುತ್ತಿದವರ ಹೆಸರು ಎಲ್ಲಿದೆ? ಪಾಳುಬಿದ್ದ ಕ್ವಾರ್ಟರ್ಸಿನ ಗೋಡೆಗಳು ಅದನ್ನು ಹೇಳುವುದಿಲ್ಲ. ಹೇಳಬಲ್ಲವರು ನಮ್ಮ ಮನೆಗಳಲ್ಲೇ, ನಿವೃತ್ತರಾಗಿ ಕೂತಿದ್ದಾರೆ.

ವರದಿ ಬರೆಯುವುದನ್ನು ಕಲಿತ ನಾವು ಇದನ್ನಾದರೂ ಮಾಡಬೇಕು ಅನ್ನಿಸಿತು. ಈ ವಾರದಿಂದ ಅವರ ಮಾತನ್ನು ಒಬ್ಬೊಬ್ಬರಾಗಿ ಬರೆದುಕೊಳ್ಳುತ್ತೇವೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ.